ಈಶಾನ್ಯಕ್ಕೆ ಹೋದ ರಿಸೆಪ್ಷನ್

ಸಹಕಾರನಗರದ ನಮ್ಮ ಆಫೀಸಿನಲ್ಲಿ ಸೋಲಾರ್ ವಾಟರ್ ಹೀಟರ್ ರಿಪೇರಿಗೆ ಜನ ಕಳಿಸುವ ಕೆಲಸ. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತವರಿಗೆ ನಲ್ಲಿಯಲ್ಲಿ ತಣ್ಣೀರು ಬಂದಾಗ ಏಳುವ ಸಿಟ್ಟನ್ನು ಫೋನಿನಲ್ಲೇ ಇಳಿಸುವುದು ನಮ್ಮ ರಿಸೆಪ್ಷನ್ ಮೇಡಂ ಒಬ್ಬರಿಗೇ ಗೊತ್ತು. ಮಗಳ ಮದುವೆ ಮುಗಿಸಿದ ಮೇಲೆ ಮೊದಲ ಸಲ ಮನೆಯ ಹೊರಗೆ ದುಡಿಯಲು ಬಂದವರು ಅವರು. ಆ ಕುರ್ಚಿಯೆಂದರೆ ಎಷ್ಟು ಹೆಮ್ಮೆಯೆಂದರೆ, ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ.

ಹೀಗಿರುವಾಗ ಯಜಮಾನರಿಗೆ ಯಾರೋ ವಾಸ್ತು ಹೇಳಿದರು. ಯಜಮಾನ ನೈಋತ್ಯದಲ್ಲಿ ಕೂರಬೇಕು, ಅಲ್ಲಿದ್ದ ರಿಸೆಪ್ಷನ್ ಈಶಾನ್ಯಕ್ಕೆ ಹೋಗಬೇಕು. ವಾಸ್ತುವಿನ ಮೇಲೆ ನನಗೆ ಹಗೆಯೇನಿಲ್ಲ. ಮೇಜು ಹೊರುವ ಸರದಿ ನನ್ನದಾದಾಗ ಮಾತ್ರ ಸ್ವಲ್ಪ ಬರುತ್ತದೆ. ಅಕೌಂಟ್ಸ್ ನೋಡುವ ನಾನೇ ಒಂದು ತುದಿ ಹಿಡಿದೆ. ನಡುವೆ ಪ್ಲೈವುಡ್ ಗೋಡೆ ಎದ್ದು ಯಜಮಾನರಿಗೆ ಕೋಣೆಯಾಯಿತು. ಫೋನುಗಳು ಮಾತ್ರ ವೈರು ಇದ್ದಲ್ಲೇ ಉಳಿದವು.

ಅಲ್ಲಿಂದ ಮೇಡಂ ಮುಂದಿನ ಫೋನು ಮೌನವ್ರತ ಹಿಡಿಯಿತು. ಈಶಾನ್ಯ ಬಹಳ ಶಾಂತ ಎಂದು ನಾವು ನಕ್ಕೆವು. ಶನಿವಾರ ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಹಿರಿಯರೊಬ್ಬರು ಸ್ಕೂಟರ್ ಹತ್ತಿ ನೇರವಾಗಿ ಬಂದೇಬಿಟ್ಟರು. ವಾರವೆಲ್ಲ ಫೋನ್ ಮಾಡಿದ್ದರಂತೆ. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಅವರ ಕೂಗಾಟಕ್ಕೆ ಯಜಮಾನರು ಹೊರಬಂದು ಎಲ್ಲರೆದುರೇ ಮೇಡಂಗೆ ಹೇಳಿದರು: “ಫೋನ್ ಎತ್ತೋಕೂ ಕಷ್ಟ ಆದ್ರೆ ಬಿಟ್ಬಿಡಿ ಅಮ್ಮ. ಸೋಮವಾರದಿಂದ ಬರ್ಬೇಡಿ.”

“ಸಾರ್, ಫೋನ್ ರಿಂಗೇ ಆಗಿಲ್ಲ,” ಎಂದರು ಮೇಡಂ. ಅಷ್ಟೇ. ಕಣ್ಣು ತುಂಬಿಕೊಂಡು ಚೀಲ ಕೈಗೆತ್ತಿಕೊಂಡರು.

ನನಗೆ ಮೈ ಉರಿಯಿತು. ಮೊಬೈಲಿನಿಂದ ಆಫೀಸಿನ ನಂಬರ್ ಒತ್ತಿದೆ. ನನ್ನ ಕಿವಿಯಲ್ಲಿ ರಿಂಗ್ ಆಗುತ್ತಿತ್ತು, ಮೇಡಂ ಫೋನು ಸುಮ್ಮನಿತ್ತು. ನಮ್ಮ ಫೋನುಗಳ ಸಿಸ್ಟಮ್ ಹಾಕಿಕೊಟ್ಟವನಿಗೆ ಫೋನ್ ಮಾಡಿದೆ. ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದ. ಗಾಡಿಗಳು ಕದಲದ್ದರಿಂದ ಸಾವಕಾಶವಾಗಿಯೇ ಹೇಳಿಕೊಟ್ಟ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ತೆರೆದರೆ, ಹೊರಗಿನ ಕರೆಗಳೆಲ್ಲ ಆಫೀಸಿನೊಳಗಿನ ಹನ್ನೊಂದನೇ ನಂಬರಿನ ಫೋನಿಗೆ ಹೋಗಲಿ ಎಂದಿತ್ತು. ಮೇಡಂ ಮುಂದಿದ್ದದ್ದು ಹದಿನೇಳು. ಹನ್ನೊಂದು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಳಗಿಂದೊಳಗೆ ಫೋನ್ ಮಾಡಿದವರೇ ಇಲ್ಲ, ಕೂಗಿದರೆ ಸಾಕಲ್ಲ.

ಆಗ ಹೊಳೆಯಿತು: ಹಳೆಯ ರಿಸೆಪ್ಷನ್ ಜಾಗ. ಮತ್ತೆ ಆಫೀಸಿನ ನಂಬರ್ ಒತ್ತಿ, ಯಜಮಾನರ ಕೋಣೆಗೆ ನುಗ್ಗಿ ಗೋಡೆಯ ವೈರನ್ನು ಹಿಡಿದು ಹೋದೆ. ಅದು ಅವರ ಮೇಜಿನ ಡ್ರಾಯರಿನೊಳಗೆ ಹೊಕ್ಕಿತ್ತು. ಕೇಳದೆ ಎಳೆದೆ. ಊದುಬತ್ತಿ ಪ್ಯಾಕೆಟ್ಟುಗಳ ನಡುವೆ ಫೋನು ಸದ್ದಿಲ್ಲದೆ ಕೆಂಪು ದೀಪ ಮಿಟುಕಿಸುತ್ತ ಮಲಗಿತ್ತು.

ಯಜಮಾನರು ಆ ಕೋಣೆಗೆ ಬಂದಾಗಿನಿಂದ ಅದು ಒಂದೇ ಸಮ ಬಡಿದುಕೊಳ್ಳುತ್ತಿತ್ತಂತೆ. ಮೇಡಂ ಎತ್ತದ ಕರೆಗಳೇ ತಮಗೆ ಬರುತ್ತಿವೆಯೆಂದು ತಿಳಿದ ಅವರು ಬೆಲ್ಲಿನ ಸದ್ದು ಪೂರ್ತಿ ಇಳಿಸಿ ಒಳಗೆ ತಳ್ಳಿದ್ದರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಯ್ತಲ್ಲ ಸ್ವಾಮಿ,” ಎಂದರು ಸಿಂಗಾಪುರದ ಹಿರಿಯರು, ಕುರ್ಚಿ ಎಳೆದು ಕೂರುತ್ತ. ಉರಿಯುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ.

ಹನ್ನೊಂದು ಅಳಿಸಿ ಹದಿನೇಳು ಹಾಕಿ ಸೇವ್ ಮಾಡಿದೆ. ಹೊರಗಿನಿಂದ ಒಮ್ಮೆ ಫೋನ್ ಮಾಡಿ ನೋಡಬೇಕು ಎಂದೆ. ಯಜಮಾನರು ತಾವೇ ನೋಡುತ್ತೇನೆಂದು ಮೊಬೈಲ್ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡರು. ಮೇಡಂ ಫೋನು ಗಟ್ಟಿಯಾಗಿ ಬಡಿದುಕೊಂಡಿತು. ಅವರು ಎತ್ತಿದರು. ಪ್ಲೈವುಡ್ಡಿನ ಆಚೆಯ ಮಾತು ನಮಗೆಲ್ಲ ಕೇಳುತ್ತಿತ್ತು.

“ತಪ್ಪು ನಂದೇ ಕಣಮ್ಮ. ಸೋಮವಾರ ಬನ್ನಿ.”

ಮೇಡಂ ಗಿರಾಕಿಗಳಿಗೆ ಹೇಳುವ ಅದೇ ದನಿಯಲ್ಲಿ, “ಒಂದ್ನಿಮಿಷ ಲೈನಲ್ಲಿರಿ ಸಾರ್,” ಎಂದು ಹೋಲ್ಡ್ ಒತ್ತಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಸಿಂಗಾಪುರದ ಹಿರಿಯರತ್ತ ತಿರುಗಿ, “ಹೇಳಿ ಸಾರ್, ಯಾವತ್ತಿಂದ ನೀರು ಕಾಯ್ತಿಲ್ಲ?” ಎಂದು ಕೇಳಿದರು. ಯಜಮಾನರು ಲೈನಿನಲ್ಲೇ ಇದ್ದರು.