ಸುಗುಣಾವತಿಯವರು ಎರಡು ಸಲ ಅಳೆದ ರಾಶಿ

ಸುರಿದ ಸರಕನ್ನು ತಕ್ಕಡಿಗೆ ಏರಿಸದೆಯೇ ಅದರ ತೂಕ ಹೇಳುವ ವಿದ್ಯೆಯಲ್ಲಿ, ವಿಶಾಖಪಟ್ಟಣದ ಆಸುಪಾಸಿನ ಬಂದರು ಕಾರ್ಖಾನೆಗಳೆಲ್ಲ ಗೌರವದಿಂದ ನೆನೆಯುವ ಹೆಸರು ಶ್ರೀಮತಿ ರೊಂಗಲಿ ಸುಗುಣಾವತಿ ಅವರದು. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯ ಮಗಳಾಗಿ ಹುಟ್ಟಿ, ಸರ್ವೆ ವಿಭಾಗಕ್ಕೆ ಏಕೈಕ ಮಹಿಳೆಯಾಗಿ ಸೇರಿ, ಸೆರಗು ಬಿಗಿದು ಅದಿರಿನ ಗುಡ್ಡೆಗಳನ್ನು ಹತ್ತಿದ ಅವರು, ನಕ್ಕವರನ್ನೆಲ್ಲ ಕಾಲಕ್ರಮದಲ್ಲಿ ಶಿಷ್ಯರನ್ನಾಗಿ ಮಾಡಿಕೊಂಡರು. ಅವರ ದೊಡ್ಡತನವನ್ನು ಸಹೋದ್ಯೋಗಿಗಳಾದ ನಾವು ಕಂಡದ್ದು ಮಾತ್ರ ಅವರು ತಪ್ಪಿದ ಒಂದು ಬೇಸಿಗೆಯಲ್ಲಿ.

ವಿದ್ಯುತ್ ಸ್ಥಾವರವೊಂದರ ಕಲ್ಲಿದ್ದಲ ರಾಶಿಯ ಗಾತ್ರವನ್ನು ಅವರು ಅಳೆದು, ಸಾಂದ್ರತೆಯಿಂದ ಗುಣಿಸಿದಾಗ, ಲೆಕ್ಕದಂತೆ ಉಳಿದಿರಬೇಕಾದ ಮಾಲಿಗಿಂತ ಇದ್ದ ಮಾಲು ಬಹಳ ಕಡಿಮೆ ಎಂದು ತೋರಿತು. ವರದಿ ಹೋದೊಡನೆ ಅಂಗಳದ ಮೇಲ್ವಿಚಾರಕ ಅಪ್ಪಲಸ್ವಾಮಿಯವರನ್ನು ಕಳವಿನ ಅನುಮಾನದ ಮೇಲೆ ಅಮಾನತು ಮಾಡಲಾಯಿತು. ಕೆಲವು ದಿನಗಳ ಬಳಿಕ ಅಪ್ಪಲಸ್ವಾಮಿ ಗೇಟಿನ ಬಳಿ ಸುಗುಣಾವತಿಯವರಿಗೆ ಎದುರಾದರು.

"ಅಮ್ಮಾ, ನೀವು ಓದಿದೋರು, ಎದುರಾಡಲ್ಲ. ಆದ್ರೆ ಅಷ್ಟೊಂದು ಕಲ್ಲಿದ್ಲು ಕದ್ದಿದ್ರೆ ಇಡೋಕೆ ನಮ್ಮೂರಲ್ಲಿ ಜಾಗ ಎಲ್ಲಿದೆ ಹೇಳಿ."

ಸುಗುಣಾವತಿಯವರು ತಿರುಗಿ ರಾಶಿಯತ್ತ ನೋಡಿದರು. ತಾನಾಗಿ ಬೆಂಕಿ ಹತ್ತದಿರಲೆಂದು ಬುಲ್ಡೋಜರ್ ಅದನ್ನು ತುಳಿಯುತ್ತಲೇ ಇತ್ತು. ತಾವು ಸಾಂದ್ರತೆ ನೋಡಿದ್ದು ಅಂಚಿನ ಸಡಿಲ ಕಲ್ಲಿದ್ದಲನ್ನು ಪೆಟ್ಟಿಗೆಗೆ ತುಂಬಿ. ಒಳಗಿನದು ಕಲ್ಲಿನಂತೆ ಒತ್ತಿಕೊಂಡಿತ್ತು; ಅಷ್ಟೇ ಜಾಗದಲ್ಲಿ ಅದರ ತೂಕ ಹೆಚ್ಚು. ಅವರು ನೇರ ಮೇಲಧಿಕಾರಿಯ ಬಳಿಗೆ ಹೋಗಿ, ರಾಶಿಯಲ್ಲಿ ಗುಂಡಿ ತೋಡಿಸಿ ಮತ್ತೆ ಅಳೆಯಬೇಕೆಂದರು.

"ವರದಿ ಹೋಗಾಯ್ತು, ರುಜು ನಿಮ್ದೇ. ಈಗ ಗುಂಡಿ ತೋಡಿಸಿದ್ರೆ ಬೀಳೋರು ನೀವೇ ಕಣಮ್ಮ" ಎಂದರು ಮೇಲಧಿಕಾರಿ.

"ಬೀಳ್ತೀನಿ ಬಿಡಿ ಸಾರ್. ಅವರನ್ನ ಬೀಳಿಸಿದ್ದೂ ನಾನೇ ಅಲ್ವಾ."

ರಾಶಿಯ ನೆತ್ತಿಯಲ್ಲಿ ಅಲ್ಲಲ್ಲಿ ಗುಂಡಿ ತೋಡಿಸಿ, ಬಂದ ಕಲ್ಲಿದ್ದಲನ್ನು ತೂಗಿಸಿದರು. ಗುಂಡಿಗಳ ಗಾತ್ರ ತಿಳಿಯಲು ಅವಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಎಷ್ಟು ನೀರು ಹಿಡಿಯುತ್ತದೆಂದು ಅಳೆದರು. "ಮೇಡಮ್ಮು ಗುಡ್ಡದ ಮೇಲೆ ಕೆರೆ ಕಟ್ಟಿಸ್ತಿದಾರೆ" ಎಂದು ಕೂಲಿಯವರು ನಗಾಡಿದರು. ಹೊಸ ಸಾಂದ್ರತೆಯಿಂದ ಗುಣಿಸಿದಾಗ ಕಳವೆಂದದ್ದು ರಾಶಿಯಲ್ಲೇ ಇತ್ತು. "ತಪ್ಪು ನನ್ನದು" ಎಂದೇ ಎರಡನೆಯ ವರದಿ ಆರಂಭವಾಯಿತು.

ಅಷ್ಟಕ್ಕೇ ಬಿಡದೆ, ತಪ್ಪೊಪ್ಪಿಕೊಳ್ಳಲು ಅಪ್ಪಲಸ್ವಾಮಿಯವರ ಮನೆಗೂ ಹೋದರು. ಹೆಂಡತಿ ಪೈಡಮ್ಮ ಬಾಗಿಲಲ್ಲೇ ತಡೆದರು. "ನಂಗೆ ಹೇಳಿ ಏನಮ್ಮಾ ಬಂತು? ನಲ್ಲಿ ಹತ್ರ ಹೋದ್ರೆ ಕಳ್ಳನ ಹೆಂಡ್ತಿ ಅಂತಾರೆ."

"ಹಾಗಾದ್ರೆ ನಡೀರಿ, ನಲ್ಲಿ ಹತ್ರಾನೇ ಹೇಳ್ತೀನಿ."

ಕೊಡಗಳ ಸಾಲಿನ ನಡುವೆ ನಿಂತು, ಕೇರಿಯ ಹೆಂಗಸರೆಲ್ಲ ಕೇಳುವಂತೆ ಅವರು ಹೇಳಿದರು: "ಅಪ್ಪಲಸ್ವಾಮಿ ಏನೂ ಕದ್ದಿಲ್ಲ. ತೂಕ ತಪ್ಪು ಹೇಳಿದ್ದು ನಾನು." ತುಂಬಿದ ಕೊಡ ಹೊರಚೆಲ್ಲುತ್ತಿತ್ತು. ಪೈಡಮ್ಮ ಕಣ್ಣೊರೆಸಿಕೊಂಡು, "ಬಿಸಿಲಲ್ಲಿ ಬಂದಿದೀಯ, ಬಾ, ಅಂಬಲಿ ಕುಡ್ದು ಹೋಗು" ಎಂದರು.

ಅಪ್ಪಲಸ್ವಾಮಿ ಕೆಲಸಕ್ಕೆ ಮರಳಿದರು. ಸುಗುಣಾವತಿಯವರ ಬಡ್ತಿಗೆ ಬಹುಕಾಲ ತಡೆ ಬಿತ್ತು. ಅದರ ಬಗ್ಗೆ ಅವರು ಒಮ್ಮೆಯೂ ಗೊಣಗಲಿಲ್ಲ. ಇಂದು ನಿವೃತ್ತರಾಗುತ್ತಿರುವ ಈ ಹಿರಿಯರು ಆರೋಗ್ಯದಿಂದ ದೀರ್ಘಕಾಲ ಬಾಳಲಿ; ಒಂದು ಅಂಕಿಯ ಕೆಳಗೆ ಯಾರ ಬದುಕು ಸಿಕ್ಕಿಕೊಂಡಿದೆಯೆಂದು ಬಗ್ಗಿ ನೋಡುವುದನ್ನು ಹೊಸಬರಿಗೆ ಕಲಿಸುತ್ತಲೇ ಇರಲಿ.