ಕಾಲು ಭಾಗ ಕದ್ದವನು

ಕಮಲಾಪುರದಿಂದ ಬಸ್ಸು ಹತ್ತಿ ಬಂದು ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಅಲ್ಲಿನ ಮೋಮಿನಪುರ ಓಣಿಯಲ್ಲಿ ಯಾವ ಯಂತ್ರ ಮೊಂಡು ಹಿಡಿದರೂ ಮೊದಲು ನನ್ನನ್ನೇ ಕರೆಯುತ್ತಾರೆ. ಜಂಬವಲ್ಲ, ಬೇಕಾದರೆ ಕೇಳಿ ನೋಡಿ. ಅಂಥ ನನ್ನನ್ನು ರಫೀಕ್ ಚಾಚಾ ಗಿರಾಕಿಗಳ ಮುಂದೆಯೇ ಕಳ್ಳ ಅಂದುಬಿಟ್ಟರು.

ಚಾಚಾ ಮದುವೆ ವಿಡಿಯೋ ಎಡಿಟ್ ಮಾಡುವವರು. ಅವರ ಕಂಪ್ಯೂಟರಿನಲ್ಲಿ ಎರಡು ಎಸ್‌ಎಸ್‌ಡಿ ಡಿಸ್ಕು ಜೋಡಿಸಿ ಒಂದೇ ಡ್ರೈವ್ ಮಾಡಿದ್ದರು. ಪ್ರತಿ ಫೈಲೂ ಎರಡಕ್ಕೂ ಹಂಚಿಕೊಂಡು ಕೂರುತ್ತಿತ್ತು. ಕಂಠಪೂರ್ತಿ ತುಂಬಿ ತುಂಬಿ ಅದರ ವೇಗ ಸತ್ತಿತ್ತು. ನಾನು ವಿಡಿಯೋಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ಎರಡನ್ನೂ ಪೂರಾ ಅಳಿಸಿ, ಮತ್ತೆ ಜೋಡಿಸಿ, ಕಾಲು ಭಾಗ ಯಾರೂ ತುಂಬದಂತೆ, ಪರದೆಯ ಲೆಕ್ಕಕ್ಕೂ ಬಾರದಂತೆ ಖಾಲಿ ಬಿಟ್ಟು, ಬೇಕಾದ ವಿಡಿಯೋಗಳನ್ನಷ್ಟೇ ಮರಳಿ ಹಾಕಿದ್ದೆ.

"ಕ್ಯಾ ರೇ, ರಿಪೇರಿಗೆ ಕೊಟ್ಟರ ಕಾಲು ಭಾಗ ಜಾಗಾನ ಹೊಡಕೊಂಡು ಹೋಗೀದಿ!"

"ಕದ್ದಿಲ್ಲ ಚಾಚಾ. ಹಳೇದು ಅಳಿಸಿ ಹೊಸದು ಬರಿಯಾಕ ಡ್ರೈವಿಗೂ ಒಂದೀಟು ಖಾಲಿ ಜಾಗ ಬೇಕ್ರಿ."

"ಖಾಲಿ ಇಡಾಕ ರೊಕ್ಕ ಕೊಟ್ಟು ತಂದೀನೇನು?"

ಗಿರಾಕಿಗಳು ನಕ್ಕರು. ನನಗೆ ಮೈ ಉರಿಯಿತು. "ಒಂದು ದೊಡ್ಡ ನಿಕಾಹ್ ವಿಡಿಯೋ ಫೋಲ್ಡರ್ ಇದರಾಗೇ ಇನ್ನೊಂದು ಕಾಪಿ ಮಾಡ್ರಿ. ಮೊದಲು ಎಷ್ಟೊತ್ತು ಹಿಡೀತಿತ್ತು?"

"ನಮಾಜಿಗೆ ಹೋಗಿ ಬಂದರೂ ಮುಗೀತಿದ್ದಿಲ್ಲ."

"ಈಗ ಚಹಾ ತರಿಸ್ರಿ. ಅದು ಆರೋದ್ರೊಳಗ ಮುಗೀಲಿಲ್ಲಂದ್ರ ನಾ ಕಳ್ಳನ!"

ಚಹಾಕ್ಕೆ ಕೆನೆ ಕಟ್ಟುವ ಮೊದಲೇ ಕಾಪಿ ಮುಗಿಯಿತು. ಚಾಚಾ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ದನಿ ತಗ್ಗಿಸಿದರು. "ಬೇಟಾ, ಹಂಗಿದ್ದರ ಇನ್ನೊಂದೀಟು ಕದ್ದುಬಿಡಪ್ಪಾ."

ಮಾಲೀಕನೇ ಚಹಾ ಕುಡಿಸಿ, ಕದಿ ಅಂತ ಬೇಡಿಕೊಂಡ ಕಳ್ಳ ಇಡೀ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು.