ಸ್ಕ್ವಾಡ್ರನ್ ಚರಿತ್ರೆಯ ಒಂದು ಸಾಲು

ಅಮೆರಿಕದ ರಾಲಿಯಲ್ಲಿ ವಿಮಾನದಿಂದ ಇಳಿಯುವಾಗ ಮೂಗಿಗೆ ಬಡಿಯುವ ಸುಟ್ಟ ಇಂಧನದ ವಾಸನೆ ನನಗೆ ಅಪ್ಪನ ವಾಸನೆ. ಅಪ್ಪ ವಾಯುಪಡೆಯ ಒಂದು ಸ್ಕ್ವಾಡ್ರನ್‌ನಲ್ಲಿ ಎಂಜಿನ್ ಮೆಕ್ಯಾನಿಕ್. ಪಂಜಾಬಿನ ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಮ್ಮ ಅವನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಆದರೂ ನಮ್ಮ ದಿಂಬು, ಹೊದಿಕೆ, ಕೊನೆಗೆ ಚಪಾತಿಗೂ ಅದೇ ವಾಸನೆ. ಭಾನುವಾರ ಪೈಲಟ್ ಪ್ರಕಾಶಣ್ಣ ಬಿಸಿಬೇಳೆ ಭಾತಿಗೆ ಬರುತ್ತಿದ್ದರು. ಅಧಿಕಾರಿಗಳು ನಮ್ಮಂಥವರ ಮನೆಗೆ ಬರುವ ಪದ್ಧತಿಯಿರಲಿಲ್ಲ. ಅವರು ಮಾತ್ರ ನೆಲದ ಮೇಲೆ ಕೂತು, ನನ್ನ ಜಡೆ ಎಳೆದು, ಬಾಯ್ತುಂಬ ಕನ್ನಡ ಆಡಿ ಹೋಗುತ್ತಿದ್ದರು.

ಒಂದು ಸಂಜೆ ನಾಲ್ಕು ವಿಮಾನ ಹೋಗಿ ಮೂರೇ ಮರಳಿದವು. ಪ್ರಕಾಶಣ್ಣ ಬರಲಿಲ್ಲ. ಅವರ ವಿಮಾನದ ಎಂಜಿನ್ ನೋಡಿದ್ದವನು ಅಪ್ಪ. ಮರುದಿನದಿಂದ ಪಕ್ಕದ ಮನೆಯ ಮಕ್ಕಳು ನನ್ನೊಡನೆ ಆಡಲಿಲ್ಲ, ಹಾಲಿನ ಸಾಲಿನಲ್ಲಿ ಅಮ್ಮನನ್ನು ಯಾರೂ ಮಾತಾಡಿಸಲಿಲ್ಲ. ಎಂಜಿನ್ ಸರಿಯಾಗಿತ್ತು, ಪೈಲಟ್ಟೇ ಅಪ್ಪಣೆ ಮೀರಿ ತೀರ ಕೆಳಗೆ ಹಾರಿದ್ದರು ಎಂದು ವಿಚಾರಣೆ ಮುಗಿದು ಕಾಗದ ಬರುವಷ್ಟರಲ್ಲಿ ನಾವು ವರ್ಗವಾಗಿ ಬೇರೆ ಊರಿನಲ್ಲಿದ್ದೆವು. ಅಪ್ಪ ಅದನ್ನು ಮನೆಯ ಹೊರಗೆ ಯಾರಿಗೂ ತೋರಿಸಲಿಲ್ಲ. "ಸತ್ತೋರ ಮೇಲೆ ಯಾಕೆ ಹಾಕೋದು" ಅಂದ, ಅಷ್ಟೆ. ಕೊರೊನಾ ವರ್ಷ ಅವನು ತೀರಿಕೊಂಡಾಗ ನಾನು ರಾಲಿಯ ಪಕ್ಕದ ಏಪೆಕ್ಸ್ ಊರಿನ ನನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಚಿತೆ ನೋಡಿದೆ.

ಕಳೆದ ಚಳಿಗಾಲ ಇಲ್ಲಿ ತಮ್ಮ ಮಗಳ ಮನೆಗೆ ಬಂದಿದ್ದ ರಾವ್ ಅಂಕಲ್, ತಾವು ಬರೆದ ಆ ಸ್ಕ್ವಾಡ್ರನ್ನಿನ ಚರಿತ್ರೆಯನ್ನು ನನ್ನ ಕೈಗಿತ್ತರು. ಅವರು ಅಲ್ಲಿನ ನಿವೃತ್ತ ಅಧಿಕಾರಿ, ಪ್ರಕಾಶಣ್ಣನ ಜೀವದ ಗೆಳೆಯ. ಅಪಘಾತಕ್ಕೆ ಅದರಲ್ಲಿ ಒಂದೇ ಸಾಲು: ನೆಲದ ಸಿಬ್ಬಂದಿಯ ಅಜಾಗರೂಕತೆ.

"ಅಂಕಲ್, ಇದು ನಮ್ಮಪ್ಪ. ಎಂಕ್ವೈರಿಲಿ ಕ್ಲಿಯರ್ ಆಗಿತ್ತಲ್ಲ?"

"ಗೊತ್ತಮ್ಮ. ರಿಪೋರ್ಟ್ ನಾನೇ ಓದಿದೀನಿ." ಅವರು ಕನ್ನಡಕ ತೆಗೆದು ಒರೆಸಿದರು. "ಪ್ರಕಾಶನ ಹೆಂಡ್ತಿ ಇನ್ನೂ ಇದಾರೆ. ಅವ್ರಿಗೆ ಹೇಗೆ ಹೇಳ್ಲಿ? ನಿಮ್ಮಪ್ಪನ ಹೆಸರು ಎಲ್ಲೂ ಹಾಕಿಲ್ವಲ್ಲ."

"ಹೆಸರು ಹಾಕ್ದೇ ಇದ್ರೆ ನಮಗೆ ನೋವಾಗಲ್ವಾ?"

"ಪ್ರಿಂಟ್ ಆಗೋಗಿದೆಯಮ್ಮ. ಕಾಫಿ ಕುಡಿ, ಆರ್ತಾ ಇದೆ."

ನಾನು ಕುಡಿಯಲಿಲ್ಲ. ಪ್ರಕಾಶಣ್ಣನ ಮೇಲೆ ಇಷ್ಟು ವರ್ಷ ಉಳಿಸಿಕೊಂಡಿದ್ದ ಪ್ರೀತಿಯೂ ಅವತ್ತು ಕಹಿಯಾಯಿತು.

ಆ ಸ್ಕ್ವಾಡ್ರನ್ ಈಗಿಲ್ಲ. ವಿಮಾನಗಳು ಗುಜರಿಗೆ ಹೋದವು, ನಮ್ಮ ಕ್ವಾರ್ಟರ್ಸ್ ಕೆಡವಿದರಂತೆ. ಅಮ್ಮನೂ ಹೋದಳು. ಅಪ್ಪನ ತಪ್ಪಿರಲಿಲ್ಲವೆಂದು ಬಲ್ಲವರಲ್ಲಿ ನನಗೆ ಗೊತ್ತಿರುವಂತೆ ಉಳಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು, ಗೊತ್ತಿದ್ದೂ ಬರೆಯದ ಆ ಮುದುಕರು.